ಕಾರಿನ ಮುಗ್ಗಲು ವಾಸನೆಗೆ ಓಝೋನ್ ಹೊಡೆಸುವ ಮುನ್ನ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಕಾರಿನೊಳಗಿನ ಮುಗ್ಗಲು ವಾಸನೆಯನ್ನು ಹೋಗಿಸಲು ನಾನು ಎರಡು ಅಂಗಡಿಗಳಿಗೆ ಹಣ ಕೊಟ್ಟೆ. ಎರಡನೆಯ ಅಂಗಡಿಯಿಂದ ಹಿಂದಿರುಗುವ ದಾರಿಯಲ್ಲಿ ಅಮ್ಮನಿಗೆ ಉಬ್ಬಸ ಕೆರಳಿ, ಎರಡು ರಾತ್ರಿ ನೆಬ್ಯುಲೈಸರ್ ಹಿಡಿದು ಅವರ ಪಕ್ಕದಲ್ಲಿ ಕುಳಿತಿರಬೇಕಾಯಿತು. ಇಷ್ಟಾದರೂ ವಾಸನೆ ಹೋಗಲಿಲ್ಲ, ಏಕೆಂದರೆ ಅದು ಎಲ್ಲಿಂದ ಬರುತ್ತಿದೆ ಎಂದು ಆ ಎರಡು ಕಡೆಯೂ ಯಾರೊಬ್ಬರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಈ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯ ಸಮೀಪದ ಊರು. ಆಗುಂಬೆಯ ಕಡೆಯಿಂದ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಒದ್ದೆ ಕಾಲು, ಒದ್ದೆ ಕೊಡೆ, ಕೆಸರಿಗೆಂದು ಕಾಲಡಿ ಹಾಸಿದ ಗೋಣಿಚೀಲ, ಇವೆಲ್ಲ ಇರುವ ಕಾರಿನಲ್ಲಿ ಸ್ವಲ್ಪ ವಾಸನೆ ಸಹಜವೆಂದು ನಾನು ಮೊದಲು ಉದಾಸೀನ ಮಾಡಿದೆ. ಜೂನ್ ಕೊನೆಯಲ್ಲಿ ಎ.ಸಿ. ಹಾಕಿದ ಮೊದಲ ಎರಡು ನಿಮಿಷ ಮಾತ್ರ ಬರುತ್ತಿದ್ದ ವಾಸನೆ, ಜುಲೈ ಮಧ್ಯದ ಹೊತ್ತಿಗೆ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿಯತೊಡಗಿತು. ಈ ಎರಡರ ನಡುವಿನ ವ್ಯತ್ಯಾಸ ಬಹಳ ಮುಖ್ಯವಾದದ್ದೆಂದು ಆಗ ನನಗೆ ತಿಳಿದಿರಲಿಲ್ಲ. ಎ.ಸಿ. ಹಾಕಿದಾಗ ಮಾತ್ರ ಬಂದು ಹೋಗುವ ವಾಸನೆ ಸಾಮಾನ್ಯವಾಗಿ ತಣ್ಣಗಿನ ಕಾಯಿಲ್‌ನ ಮೇಲೆ ಅಥವಾ ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನಲ್ಲಿ ಬೆಳೆದ ಬೂಷ್ಟಿನದು. ನಿಂತ ಕಾರಿನಲ್ಲೂ ಸದಾ ಇರುವ ವಾಸನೆ ಎಂದರೆ ಒಳಗೆ ಎಲ್ಲೋ ನೀರು ನಿಂತಿದೆ ಎಂದೇ ತಿಳಿಯಬೇಕು.

ಮೊದಲನೆಯ ಅಂಗಡಿಯವರು ಒಳಭಾಗದ ಶುಚಿಗೊಳಿಸುವಿಕೆ ಎಂದು 1,800 ರೂಪಾಯಿ ತೆಗೆದುಕೊಂಡರು. ಸೀಟು, ಕಾರ್ಪೆಟ್ಟುಗಳಿಗೆ ಶಾಂಪೂ ನೊರೆ ಹಾಕಿ ತಿಕ್ಕಿ, ಯಂತ್ರದಿಂದ ಹೀರಿಸಿ, ನಿಂಬೆ ಪರಿಮಳದ ಸ್ಪ್ರೇ ಹೊಡೆದು ಸಂಜೆಯೊಳಗೆ ಕೊಟ್ಟುಬಿಟ್ಟರು. ಹೊರಗೆ ಜಡಿಮಳೆ ಸುರಿಯುತ್ತಿರುವಾಗ, ಮೊದಲೇ ಒದ್ದೆಯಾಗಿದ್ದ ಕಾರ್ಪೆಟ್ಟಿಗೆ ಮತ್ತಷ್ಟು ನೀರು ಕುಡಿಸಿ ಒಣಗಿಸದೆ ಕೊಟ್ಟಂತಾಯಿತು. ಐದನೆಯ ದಿನಕ್ಕೆ ನಿಂಬೆಯ ಪರಿಮಳವೂ ಮುಗ್ಗಲೂ ಸೇರಿ ಹೊಟ್ಟೆ ತೊಳೆಸುವಂಥ ವಾಸನೆ ಹುಟ್ಟಿತು. ಮಳೆಗಾಲದಲ್ಲಿ ಇಂಥ ಕೆಲಸಕ್ಕೆ ಕಾರು ಕೊಡುವವರು, ತೊಳೆದದ್ದನ್ನು ಹೇಗೆ ಮತ್ತು ಎಷ್ಟು ದಿನ ಒಣಗಿಸುತ್ತೀರಿ ಎಂದು ಮೊದಲೇ ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಕೀಲಿ ಕೊಡದೆ ಹಿಂದಿರುಗಿ.

ಎರಡನೆಯ ಅಂಗಡಿಯಲ್ಲಿ ಓಝೋನ್ ಚಿಕಿತ್ಸೆ ಎಂದರು. ಒಂದು ಸಣ್ಣ ಪೆಟ್ಟಿಗೆಯಂಥ ಯಂತ್ರವನ್ನು ಹಿಂದಿನ ಸೀಟಿನ ಮೇಲಿಟ್ಟು, ಗಾಜು ಏರಿಸಿ, ಅರ್ಧ ಗಂಟೆ ನಡೆಸಿದರು. ಯಂತ್ರ ಹೊರತೆಗೆದು ಹತ್ತು ನಿಮಿಷವೂ ಕಳೆದಿರಲಿಲ್ಲ, ಕೆಲಸ ಮುಗಿಯಿತು, ಶೇಕಡಾ ನೂರು ಸುರಕ್ಷಿತ ಎಂದು ಹೇಳಿ 3,500 ರೂಪಾಯಿ ಪಡೆದು ಕೀಲಿ ಕೊಟ್ಟರು. ಒಳಗೆ ಜೆರಾಕ್ಸ್ ಅಂಗಡಿಯಲ್ಲಿ ಬರುವಂಥ ಚುರುಕಾದ ವಾಸನೆ ಇತ್ತು. ಮಳೆ ಜೋರಾಗಿದ್ದರಿಂದ ಗಾಜು ಇಳಿಸದೆ ಹೊರಟೆವು. ಸುಮಾರು ಮೂರು ಕಿಲೋಮೀಟರು ಬರುವಷ್ಟರಲ್ಲಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮತೊಡಗಿದರು, ಮನೆ ಮುಟ್ಟುವಾಗ ಎದೆ ಬಿಗಿದು ಮಾತಾಡಲೂ ಆಗುತ್ತಿರಲಿಲ್ಲ.

ಆಕ್ಸಿಜನ್ನಿನ ಮೂರು ಪರಮಾಣುಗಳು ಸೇರಿ ಆದ ಅನಿಲವೇ ಓಝೋನ್. ಮೇಲಿನ ವಾತಾವರಣದಲ್ಲಿ ನಮ್ಮನ್ನು ಕಾಪಾಡುವ ಅದೇ ಅನಿಲ ಉಸಿರಿನಲ್ಲಿ ಸೇರಿದರೆ ಶ್ವಾಸನಾಳವನ್ನು ಕೆರಳಿಸುತ್ತದೆ, ಕೆಮ್ಮು ಮತ್ತು ಎದೆ ಬಿಗಿತ ತರುತ್ತದೆ, ಉಬ್ಬಸವಿರುವವರಿಗೆ ಅದು ನಿಜವಾದ ಅಪಾಯ. ಕಾಲ ಕಳೆದಂತೆ ಅದು ಸಾಧಾರಣ ಆಕ್ಸಿಜನ್ ಆಗಿ ಬದಲಾಗುವುದು ನಿಜವಾದರೂ ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷ ಅದಕ್ಕೆ ಸಾಲುವುದಿಲ್ಲ. ನಾಲ್ಕೂ ಬಾಗಿಲು ತೆರೆದು ಗಂಟೆಗಟ್ಟಲೆ ಗಾಳಿಯಾಡಿಸದೆ ಯಾರೂ ಒಳಗೆ ಕೂರಬಾರದು. ಪದೇಪದೇ ಹೊಡೆಸಿದರೆ ರಬ್ಬರು ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಅನಿಲ ಮೇಲ್ಮೈಯನ್ನು ಮುಟ್ಟುತ್ತದೆಯೇ ಹೊರತು ಕಾರ್ಪೆಟ್ಟಿನ ಅಡಿಯಲ್ಲಿ ನೀರು ಕುಡಿದು ಮಲಗಿದ ಪದರವನ್ನು ಒಣಗಿಸುವುದಿಲ್ಲ. ನಮ್ಮ ಕಾರಿನಲ್ಲಿ ಹತ್ತೇ ದಿನಕ್ಕೆ ಮುಗ್ಗಲು ಮರಳಿ ಬಂತು.

ಅದರ ಬೆನ್ನಿಗೇ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಆ ದೀಪ ನೋಡಿಸಲೆಂದು ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಬಾಗಿಲು ತೆರೆದು ವಾಸನೆ ಗ್ರಹಿಸಿದವರೇ, ಎಡಗಡೆಯ ಮುಂದಿನ ಮ್ಯಾಟ್ ತೆಗೆದು ಕಾರ್ಪೆಟ್ಟಿನ ಮೇಲೆ ಮುಷ್ಟಿಯಿಂದ ಗಟ್ಟಿಯಾಗಿ ಒತ್ತಿದರು. ಮೇಲೆ ಕೈಯಾಡಿಸಿದರೆ ಬರೀ ತಣ್ಣಗೆನಿಸುತ್ತಿದ್ದ ಕಾರ್ಪೆಟ್ಟಿನಿಂದ ಅವರ ಬೆರಳುಗಳ ನಡುವೆ ನೀರು ಜಿನುಗಿ ಬಂತು. ಸೀಟು ಬಿಚ್ಚಿ ಅಂಚು ಎತ್ತಿದಾಗ ಕೆಳಗೆ ಎರಡು ಬೆರಳು ದಪ್ಪದ ಬೂದು ಬಣ್ಣದ ಹಾಸು, ಅದರ ಬೆನ್ನಿನ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಬೂಷ್ಟಿನ ಚುಕ್ಕೆಗಳು, ಅದರಡಿಯ ತಗಡಿನಲ್ಲಿ ಅಂಗೈಯಗಲ ತುಕ್ಕು. ಸೀಟಿನ ಕೆಳಗಿನ, ಏರ್‌ಬ್ಯಾಗ್ ತಂತಿಯ ಹಳದಿ ಬಣ್ಣದ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ದೀಪ ಹೊತ್ತಲು ಅದೇ ಕಾರಣ.

“ಎ.ಸಿ. ಹಾಕಿ ನಿಲ್ಲಿಸಿದಾಗ ಕಾರಿನಡಿ ನೀರು ತೊಟ್ಟಿಕ್ಕುತ್ತಿತ್ತೇ?” ಎಂದು ಅವರು ಕೇಳಿದರು. ನೆನಪು ಮಾಡಿಕೊಂಡರೆ ಬೇಸಿಗೆಯಿಂದಲೂ ನಾನು ಆ ತೊಟ್ಟು ಕಂಡಿರಲಿಲ್ಲ. ಎ.ಸಿ.ಯ ತಣ್ಣಗಿನ ಕಾಯಿಲ್‌ಗೆ ತಾಗಿದ ಗಾಳಿಯ ತೇವ ನೀರಾಗಿ ಇಳಿದು, ಸಣ್ಣ ರಬ್ಬರ್ ಕೊಳವೆಯೊಂದರ ಮೂಲಕ ಕಾರಿನ ಅಡಿಗೆ ಬೀಳಬೇಕು. ಆ ಕೊಳವೆ ಕಟ್ಟಿಕೊಂಡರೆ ನೀರು ಕಾಯಿಲ್ ಇರುವ ಪೆಟ್ಟಿಗೆಯಲ್ಲಿ ತುಂಬಿ, ಉಕ್ಕಿ, ಎಡಗಡೆ ಕೂತವರ ಕಾಲಡಿಯ ಕಾರ್ಪೆಟ್ಟಿಗೆ ಇಳಿಯುತ್ತದೆ. ನಮ್ಮ ಕಾರಿನ ಕೊಳವೆಯ ಬಾಯಿಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅವರು ಅಡಿಯಲ್ಲಿ ಮಲಗಿ ಮೃದುವಾದ ಪ್ಲಾಸ್ಟಿಕ್ ನಾಳವೊಂದನ್ನು ತೂರಿಸಿ ಮಣ್ಣು ಕೆಡವಿದಾಗ ಚೊಂಬು ತುಂಬುವಷ್ಟು ನೀರು ಒಮ್ಮೆಗೇ ಸುರಿಯಿತು. ನಾನು 5,300 ರೂಪಾಯಿ ಕೊಟ್ಟು ಅಮ್ಮನ ಉಸಿರನ್ನು ಪಣಕ್ಕಿಟ್ಟ ಕಾಯಿಲೆಗೆ ಇದ್ದ ಮದ್ದು ಇಷ್ಟೇ ಎಂದು ಆ ಕ್ಷಣ ನೆನೆದು ತುಂಬಾ ನೋವಾಯಿತು.

ದುರಸ್ತಿಗೆ ಅವಸರ ಮಾಡಲಿಲ್ಲ. ಏರ್‌ಬ್ಯಾಗಿನ ತಂತಿ ಇರುವುದರಿಂದ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆಯೇ ಅವರು ಸೀಟಿಗೆ ಕೈ ಹಚ್ಚಿದ್ದರು. ಹಳದಿ ಕನೆಕ್ಟರುಗಳನ್ನು ಮನೆಯಲ್ಲಿ ತಾವೇ ಎಳೆಯಲು ಯಾರೂ ಹೋಗಬೇಡಿ. ಕಾರ್ಪೆಟ್ಟನ್ನು ಮನೆಗೆ ತಂದು ಬಚ್ಚಲೊಲೆಯ ಮೇಲಿನ ಗಳುವಿಗೆ ನಾಲ್ಕು ದಿನ ನೇತುಹಾಕಿ ಒಣಗಿಸಿದೆವು. ಬೂಷ್ಟು ಹಿಡಿದ ಹಾಸಿನ ಭಾಗವನ್ನು ಕತ್ತರಿಸಿ ಎಸೆದು ಹೊಸದನ್ನು ಹಾಕಿಸಿದೆವು, ತುಕ್ಕು ಉಜ್ಜಿ ಪ್ರೈಮರ್ ಬಳಿಸಿದೆವು. ಗ್ಲವ್ ಬಾಕ್ಸಿನ ಹಿಂದಿದ್ದ ಕ್ಯಾಬಿನ್ ಫಿಲ್ಟರನ್ನು ಹೊರಗೆಳೆದರೆ ಅದರ ಮಡಿಕೆಗಳಲ್ಲಿ ಕೊಳೆತ ಎಲೆಯ ಚೂರು ತುಂಬಿತ್ತು. ವೈಪರಿನ ಕೆಳಗಿನ ಜಾಲರಿಯಲ್ಲಿ ಹಲಸಿನ ಎಲೆಗಳು ಸೇರಿ ಕೆಸರಾಗಿದ್ದವು. ಅಲ್ಲಿನ ನೀರಿಗೆ ಹೊರದಾರಿ ತಪ್ಪಿದರೆ ಅದೂ ಒಳಗೆ ಗಾಳಿ ಊದುವ ಬ್ಲೋವರಿನ ಮೂಲಕ ಒಳಗೆ ಬರಬಲ್ಲದು.

ಎಲ್ಲ ಕಾರಿನಲ್ಲೂ ದೋಷ ಇದೇ ಕೊಳವೆಯಲ್ಲಿರುವುದಿಲ್ಲ. ಬಿಸಿಲಿನ ದಿನಗಳಲ್ಲೂ ಎಡಗಡೆ ಒದ್ದೆಯಾದರೆ ಎ.ಸಿ. ನೀರೆಂದು ಅನುಮಾನಿಸಬೇಕು. ಮಳೆ ಬಂದ ಮೇಲೆ ಮಾತ್ರ ಒದ್ದೆಯಾದರೆ ಬಾಗಿಲಿನ ತಳದ ರಂಧ್ರಗಳು ಮಣ್ಣಿನಿಂದ ಮುಚ್ಚಿವೆಯೇ, ಸ್ಪೀಕರ್ ಕೂರಿಸುವಾಗ ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ, ಸನ್‌ರೂಫ್ ಇದ್ದರೆ ಅದರ ಕೊಳವೆಗಳು ಸರಿಯಿವೆಯೇ ಎಂದು ನೋಡಬೇಕು. ಡಿಕ್ಕಿಯಿಂದ ವಾಸನೆ ಬಂದರೆ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ನೀರಿದೆಯೇ ನೋಡಿ, ಹಿಂದಿನ ದೀಪದ ರಬ್ಬರಿನಿಂದ ನೀರು ಇಳಿದಿರಬಹುದು. ಒದ್ದೆ ಜಿಗುಟಾಗಿದ್ದು ಸಿಹಿ ವಾಸನೆ ಬರುತ್ತಿದ್ದರೆ ಅದು ನೀರಲ್ಲ, ಹೀಟರಿನಿಂದ ಸೋರುವ ಕೂಲೆಂಟ್. ಅದು ವಿಷ, ತಡಮಾಡದೆ ವರ್ಕ್‌ಶಾಪಿಗೆ ಒಯ್ಯಿರಿ.

ಆ ದಿನಗಳಲ್ಲಿ ಬಂಧುಮಿತ್ರರು ಒಳ್ಳೆಯ ಮನಸ್ಸಿನಿಂದ ಹೇಳಿದ ಕೆಲವು ಮದ್ದುಗಳ ಬಗ್ಗೆಯೂ ಎಚ್ಚರಿಸಲೇಬೇಕು. ಸೀಟಿನಡಿ ನುಸಿಗುಳಿಗೆ ಇಡಬೇಡಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಗುಳಿಗೆಯಲ್ಲಿ ಇರಬಹುದಾದ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಬ್ಲೀಚಿಗೆ ವಿನೆಗರ್ ಬೆರೆಸಿ ಒರೆಸುವುದು ಇನ್ನೂ ಕೆಟ್ಟದ್ದು, ಆ ಮಿಶ್ರಣದಿಂದ ಕ್ಲೋರಿನ್ ಅನಿಲ ಏಳುತ್ತದೆ. ಬೆಂಕಿ ಹಿಡಿಯುವ ಸ್ಪ್ರೇಯನ್ನು ಬ್ಲೋವರ್ ತಿರುಗುತ್ತಿರುವಾಗ ಒಳಗೆ ಹೊಡೆಯಬಾರದು. ಅಡುಗೆ ಸೋಡಾ, ಇದ್ದಿಲುಗಳಿಂದ ತೊಂದರೆಯಿಲ್ಲ, ಆದರೆ ಒದ್ದೆ ಹೋದ ಮೇಲೆ ಉಳಿದ ಅಲ್ಪಸ್ವಲ್ಪ ವಾಸನೆಗಷ್ಟೇ ಅವು ಸಾಕು.

ಈಗ ಮನೆ ಇನ್ನು ಐದು ನಿಮಿಷದ ದಾರಿ ಎನ್ನುವಾಗ ಎ.ಸಿ. ಆರಿಸಿ ಫ್ಯಾನನ್ನು ಮಾತ್ರ ಓಡಿಸುತ್ತೇನೆ, ಕಾಯಿಲ್ ಒಣಗುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಮಳೆಯಲ್ಲಿ ಒತ್ತುವುದಿಲ್ಲ. ತಿಂಗಳಿಗೊಮ್ಮೆ ಎ.ಸಿ. ಹಾಕಿ ನಿಲ್ಲಿಸಿ, ಬಗ್ಗಿ, ತೊಟ್ಟು ಬೀಳುತ್ತಿದೆಯೇ ಎಂದು ನೋಡುತ್ತೇನೆ. ವಾಸನೆ ಪೂರ್ತಿ ಹೋಗಿದೆ, ಆದರೂ ಅಮ್ಮ ಇವತ್ತಿಗೂ ಎಂಥ ಮಳೆಯಿದ್ದರೂ ತಮ್ಮ ಪಕ್ಕದ ಗಾಜನ್ನು ಒಂದು ಬೆರಳಷ್ಟು ಇಳಿಸಿಕೊಂಡೇ ಕೂರುತ್ತಾರೆ.