ಗೋಡೆ ಮೇಲಿನ ಸರ್ಟಿಫಿಕೇಟ್ ನಂಬಿ ಫ್ಲ್ಯಾಟ್ ಕೀ ಕೊಡಬೇಡಿ: ಮಂಗಳೂರಿನಲ್ಲಿ ನನಗಾದದ್ದು

ಇದನ್ನು ಬರೆಯಲೋ ಬೇಡವೋ ಎಂದು ಎರಡು ತಿಂಗಳು ಒದ್ದಾಡಿದ್ದೇನೆ. ನಾಚಿಕೆ ಆಗುತ್ತದೆ. ಹದಿನಾರು ವರ್ಷ ಅಕೌಂಟ್ಸ್ ಕೆಲಸ ಮಾಡಿದವಳು ನಾನು. ಬೇರೆಯವರ ಲೆಕ್ಕದಲ್ಲಿ ಹತ್ತು ರೂಪಾಯಿ ತಾಳೆ ಆಗದಿದ್ದರೂ ರಾತ್ರಿ ಕೂತು ಹುಡುಕುತ್ತಿದ್ದೆ. ನನ್ನ ಸ್ವಂತ ಮನೆಯ ಲೆಕ್ಕದಲ್ಲಿ ಮೂರು ಲಕ್ಷದ ಹತ್ತಿರ ಹೋಯಿತು, ಎರಡು ವರ್ಷ ಗೊತ್ತೇ ಆಗಲಿಲ್ಲ. ಹೋದ ವಾರ, ನಮ್ಮ ಫ್ಲ್ಯಾಟ್ ನೋಡಿಕೊಳ್ಳುತ್ತೇನೆಂದು ಮೋಸ ಮಾಡಿದ ಆ ಮನುಷ್ಯನ ಜಾಹೀರಾತು ಗೆಳತಿಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು. "ನಿಮ್ಮ ಮನೆ, ನಮ್ಮ ಜವಾಬ್ದಾರಿ" ಅಂತೆ. ಕೆಳಗೆ ಅದೇ ಸರ್ಟಿಫಿಕೇಟಿನ ಫೋಟೋ. ಇನ್ನು ಸುಮ್ಮನಿರಲು ಆಗಲಿಲ್ಲ.

ಬಿಜೈಯಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಮೂರನೇ ಮಹಡಿ, ಅದರ ಮೇಲೆ ಟೆರೇಸ್. ನಮ್ಮವರು ದೋಹಾದಲ್ಲಿ ಕೆಲಸದಲ್ಲಿದ್ದಾರೆ. 2022ರ ಆಗಸ್ಟ್‌ನಲ್ಲಿ ನಾನೂ ಮಗಳೂ ಅಲ್ಲಿಗೆ ಹೊರಟೆವು. ಅಪ್ಪ ಇದ್ದಾಗ ಬಾಡಿಗೆ, ಮೆಸ್ಕಾಂ ಬಿಲ್, ನಲ್ಲಿ ರಿಪೇರಿ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಊರಲ್ಲಿ ನಮಗೆ ಯಾರೂ ಇಲ್ಲ. ತಮ್ಮ ಬೆಂಗಳೂರಿನಲ್ಲಿ. ಗಲ್ಫಿನಲ್ಲಿರುವ ಎಷ್ಟೋ ಜನರ ಕಥೆ ಇದೇ ಅಲ್ವಾ?

ಆಗ ಸಿಕ್ಕಿದವರು ಇವರು. ಬರೀ ಬ್ರೋಕರ್ ಅಲ್ಲ, "ಪ್ರಾಪರ್ಟಿ ಮ್ಯಾನೇಜರ್". ಎಸಿ ಇರುವ ಆಫೀಸ್, ಫೈಲುಗಳು ಸಾಲಾಗಿ ಜೋಡಿಸಿಟ್ಟದ್ದು, ಒಳ್ಳೆಯ ಮಾತು. ಕುರ್ಚಿಯ ಹಿಂದಿನ ಗೋಡೆಯಲ್ಲಿ ಬಂಗಾರದ ಬಣ್ಣದ ಅಂಚಿನ ಫ್ರೇಮ್. ಮನೆ ಬಾಡಿಗೆ ನೋಡಿಕೊಳ್ಳುವವರ ವೃತ್ತಿ ಸಂಘದ ಸದಸ್ಯತ್ವ ಪತ್ರ. ನಾನು ನೋಡುತ್ತಿದ್ದದ್ದನ್ನು ಅವರೂ ನೋಡಿದರು. "ಅಕ್ಕ, ಎಲ್ಲರಿಗೂ ಇದು ಸಿಗುದಿಲ್ಲ. ನಮ್ಮ ಸಂಘಕ್ಕೆ ನೀತಿ ಸಂಹಿತೆ ಉಂಟು. ನಾವು ತಪ್ಪು ಮಾಡಿದ್ರೆ ಅವರು ಬಿಡುದಿಲ್ಲ" ಎಂದರು. ವಿಸಿಟಿಂಗ್ ಕಾರ್ಡಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ನಂಬರ್ ಕೂಡ ಇತ್ತು. ನಾನು ಆ ಫ್ರೇಮಿನ ಫೋಟೋ ತೆಗೆದು ನಮ್ಮವರಿಗೆ ಕಳಿಸಿದೆ. "ನೋಡಿ, ಇವರು ಸರಿಯಾದ ಜನ" ಎಂದು ಬರೆದೆ. ಆ ಮೆಸೇಜ್ ಇನ್ನೂ ಫೋನಿನಲ್ಲಿದೆ. ಈಗ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಿಂಗಳ ಬಾಡಿಗೆಯಲ್ಲಿ ಶೇಕಡ 8 ಅವರಿಗೆ. ಹೊಸ ಬಾಡಿಗೆದಾರರು ಬಂದಾಗ ಒಂದು ತಿಂಗಳ ಬಾಡಿಗೆ ಬೇರೆ. ನಾನು ಒಪ್ಪಿದೆ. ಕರಾರಿಗೆ ಸಹಿ ಹಾಕಿದೆ. ನೋಟರಿ ಹತ್ತಿರ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟೆ. ಬಾಡಿಗೆ ಕರಾರಿಗೆ ಸಹಿ ಹಾಕುವ, ಬಾಡಿಗೆ ಮತ್ತು ಅಡ್ವಾನ್ಸ್ ಪಡೆಯುವ ಅಧಿಕಾರ ಎಲ್ಲ ಕೊಟ್ಟೆ. ಎಲ್ಲ ನಾನೇ ಕೊಟ್ಟದ್ದು.

ಮೊದಲ ಬಾಡಿಗೆದಾರರ ಸಮಯದಲ್ಲಿ ಏನೂ ತೊಂದರೆ ಇರಲಿಲ್ಲ. ಅದರಿಂದಲೇ ನಂಬಿಕೆ ಜಾಸ್ತಿ ಆದದ್ದು. 2023ರ ಜೂನ್‌ನಲ್ಲಿ ಹೊಸಬರು ಬಂದರು. ಧಾರವಾಡ ಕಡೆಯವರು, ಬ್ಯಾಂಕ್ ಕೆಲಸ. ಬಾಡಿಗೆ 16,500, ಅಡ್ವಾನ್ಸ್ 60,000 ಎಂದು ಇವರು ನನಗೆ ಹೇಳಿದರು. ಹನ್ನೊಂದು ತಿಂಗಳ ಕರಾರಿನ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಸ್ಟಾಂಪ್ ಪೇಪರ್, ಸಹಿ, ಸಾಕ್ಷಿ ಎಲ್ಲ ಇತ್ತು. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಕಮಿಷನ್ ಕಳೆದು 15,180 ರೂಪಾಯಿ ನನ್ನ ಖಾತೆಗೆ ಬರುತ್ತಿತ್ತು. ಒಂದು ದಿನವೂ ತಡ ಇಲ್ಲ. 2024ರ ಜುಲೈಯಲ್ಲಿ ಟೆರೇಸ್ ಸೋರುತ್ತಿದೆ, ವಾಟರ್‌ಪ್ರೂಫಿಂಗ್ ಮಾಡಿಸಲೇಬೇಕು ಎಂದರು. 42,000 ರೂಪಾಯಿ. ಕೆಲಸದವರ ವಿಡಿಯೋ ಕೂಡ ಕಳಿಸಿದರು. ನಮ್ಮೂರ ಮಳೆ ಗೊತ್ತಲ್ಲ, ಸೋರುತ್ತಿದೆ ಎಂದರೆ ಯಾರು ಬೇಡ ಎನ್ನುತ್ತಾರೆ? ಕಳಿಸಿದೆ.

2025ರ ಏಪ್ರಿಲ್ ಕೊನೆಗೆ ಚಿಕ್ಕಮ್ಮನ ಮಗಳ ಮದುವೆಗೆ ಊರಿಗೆ ಬಂದೆ. ಫ್ಲ್ಯಾಟ್ ಒಮ್ಮೆ ನೋಡಿ ಬರುತ್ತೇನೆ ಎಂದಾಗ ಇವರು, "ಬೇಡ ಅಕ್ಕ, ಸುಮ್ನೆ ಬಾಡಿಗೆದಾರರಿಗೆ ಡಿಸ್ಟರ್ಬ್" ಎಂದರು. ಎರಡು ಸಲ ಹೇಳಿದರು. ಆದರೂ ಹೋದೆ. ಆ ಹೆಂಗಸು ಪಾಪ, ಚಹಾ ಮಾಡಿಕೊಟ್ಟರು. ಗಂಡ ಬಂದು ಕೂತು ಮೆಲ್ಲಗೆ ಕೇಳಿದರು.

"ಮೇಡಂ, ಟ್ರಾನ್ಸ್‌ಫರ್ ಆಗೇದ್ರೀ. ನಮ್ಮ ಅಡ್ವಾನ್ಸ್ ಒಂದೂವರೆ ಲಕ್ಷ ನಿಮ್ ಕಡೇನ ಐತಲ್ರೀ? ಸ್ವಲ್ಪ ಲಗೂನ ಕೊಟ್ರ ಛಲೋ ಆಗ್ತದ."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. "ಎಷ್ಟು?" ಎಂದೆ. "ಒಂದೂವರೆ ಲಕ್ಷರೀ." ಅವರ ಹೆಂಡತಿ ಒಳಗಿನಿಂದ ಫೈಲ್ ತಂದು ಟೀಪಾಯ್ ಮೇಲೆ ಇಟ್ಟರು. ಅದೇ ಫ್ಲ್ಯಾಟ್, ಅದೇ ತಾರೀಕು, ಅದೇ ಸಹಿ. ಬಾಡಿಗೆ 21,000. ಅಡ್ವಾನ್ಸ್ 1,50,000. ನನ್ನ ಫೋನಿನಲ್ಲಿದ್ದ ಕರಾರನ್ನು ತೆಗೆದು ಪಕ್ಕದಲ್ಲಿಟ್ಟೆ. ಎರಡು ಕರಾರು! ಒಂದು ನನಗೆ ತೋರಿಸಲು, ಒಂದು ಅವರಿಗೆ ತೋರಿಸಲು. ಆ ಮೂರು ಜನರ ನಡುವೆ ಯಾರೂ ಮಾತಾಡಲಿಲ್ಲ. ಅವರು ನನ್ನನ್ನು ಅನುಮಾನದಿಂದ ನೋಡಿದರು. ಅದು ಇನ್ನೂ ಚುಚ್ಚುತ್ತದೆ. ನನ್ನ ಮನೆಯಲ್ಲೇ ಕೂತು ನಾನು ಕಳ್ಳಿಯ ಹಾಗೆ ಆದೆ. ವಾಟರ್‌ಪ್ರೂಫಿಂಗ್ ಬಗ್ಗೆ ಕೇಳಿದೆ. "ಯಾರೂ ಬಂದಿಲ್ರೀ" ಎಂದರು. ಕೆಳಗಿಳಿದು ಬಿಲ್ಡಿಂಗಿನ ಸೆಕ್ರೆಟರಿ ಹತ್ತಿರ ಕೇಳಿದೆ. ಟೆರೇಸ್ ಕೀ ಅವರ ಬಳಿಯೇ ಇರುವುದು. ಆ ಮಳೆಗಾಲ ಯಾರೂ ಕೀ ಕೇಳಿಲ್ಲ. ಹಾಗಾದರೆ ಆ ವಿಡಿಯೋ ಯಾವ ಕಟ್ಟಡದ್ದು?

ಲೆಕ್ಕ ಹಾಕಿದೆ. ತಿಂಗಳಿಗೆ 4,500ರಂತೆ 23 ತಿಂಗಳು, 1,03,500. ಅಡ್ವಾನ್ಸ್ ಪೂರ್ತಿ ಅವರ ಬಳಿ, 1,50,000. ಮಾಡದ ಕೆಲಸಕ್ಕೆ 42,000. ಒಟ್ಟು 2,95,500.

ಅಲ್ಲಿಂದಲೇ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ, ನಿಮಗೂ ಇದೇ ಉತ್ತರ ಬರಬಹುದು. ಮೊದಲು, "ಟೆನ್ಷನ್ ಮಾಡ್ಬೇಡಿ ಅಕ್ಕ, ಅದು ಬಾಡಿಗೆ ಅಲ್ಲ, ಸರ್ವಿಸ್ ಚಾರ್ಜ್. ಅವರಿಂದ ನಾವು ಬೇರೆ ತಗೊಳ್ಳುದು." ಕರಾರಿನಲ್ಲಿ ಬಾಡಿಗೆ ಎಂದೇ ಬರೆದಿದೆಯಲ್ಲ ಎಂದೆ. "ಅದು ಫಾರ್ಮ್ಯಾಟ್ ಅಕ್ಕ." ಅಡ್ವಾನ್ಸ್? "ಆಫೀಸ್ ಅಕೌಂಟಲ್ಲಿ ಸೇಫ್ ಉಂಟು." ನಾಳೆ ಕೊಡಿ ಎಂದೆ. "ಈಗ ರೊಟೇಶನಲ್ಲಿ ಉಂಟು, ಸ್ವಲ್ಪ ಟೈಮ್ ಕೊಡಿ." ಸೇಫ್ ಇರುವ ಹಣ ರೊಟೇಶನಲ್ಲಿ ಹೇಗಿರುತ್ತದೆ? ನಾನು ಸ್ವರ ಏರಿಸಿದ ಮೇಲೆ ಮಾತು ಬದಲಾಯಿತು. "ನಾನು ಸಂಘದ ಮೆಂಬರ್. ಹೆಸರು ಹಾಳು ಮಾಡಿಕೊಳ್ಳುವ ಕೆಲಸ ಮಾಡ್ತೇನಾ? ಡೌಟ್ ಇದ್ರೆ ಸಂಘಕ್ಕೇ ಕೇಳಿ." ಅಷ್ಟು ಧೈರ್ಯದಿಂದ ಹೇಳಿದರು. ಆಮೇಲೆ ಫೋನ್ ಎತ್ತಲಿಲ್ಲ. ಮೆಸೇಜಿಗೆ ನೀಲಿ ಟಿಕ್ ಬರುತ್ತದೆ, ಉತ್ತರ ಇಲ್ಲ.

ಸರಿ, ಸಂಘಕ್ಕೇ ಕೇಳಿದೆ. ಸಂಘದವರು ಬಿಡುವುದಿಲ್ಲ ಎಂದು ಅವರೇ ಹೇಳಿದ್ದರಲ್ಲ.

ಸಂಘದ ಬೆಂಗಳೂರು ಆಫೀಸಿನಲ್ಲಿ ಮಾತಾಡಿದವರು ಮರ್ಯಾದಸ್ಥರು, ಅದನ್ನು ಹೇಳಲೇಬೇಕು. ಸರ್ಟಿಫಿಕೇಟಿನ ಫೋಟೋ ಕಳಿಸಿ ಎಂದರು. 2022ರಲ್ಲಿ ತೆಗೆದ ಅದೇ ಫೋಟೋ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರೇ ಫೋನ್ ಮಾಡಿದರು. "ಮೇಡಂ, ಕೆಳಗಿನ ಸಾಲು ದೊಡ್ಡದು ಮಾಡಿ ಓದಿ." ಓದಿದೆ. ಸದಸ್ಯತ್ವದ ಅವಧಿ 2022ರ ಮಾರ್ಚ್ 31ಕ್ಕೆ ಮುಗಿದಿತ್ತು. ನಾನು ಆಫೀಸಿಗೆ ಹೋದದ್ದು ಆಗಸ್ಟ್‌ನಲ್ಲಿ. ಮೂರು ವರ್ಷ ಆ ಸಾಲು ನನ್ನ ಫೋನಿನಲ್ಲೇ ಇತ್ತು. ನಾನು ಫೋಟೋ ತೆಗೆದೆ, ಗಂಡನಿಗೆ ಕಳಿಸಿದೆ, ಓದಲಿಲ್ಲ.

"ಅವರು ಈಗಲೂ ಸದಸ್ಯರಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

"ವಿವರಣೆ ಕೇಳಿ ಪತ್ರ ಬರೆಯುತ್ತಿದ್ದೆವು. ಶಿಸ್ತು ಸಮಿತಿ ಮುಂದೆ ಇಡುತ್ತಿದ್ದೆವು. ತಪ್ಪು ಎಂದು ಕಂಡರೆ ಸದಸ್ಯತ್ವ ತೆಗೆಯುತ್ತಿದ್ದೆವು."

"ನನ್ನ ಹಣ?"

"ಹಣ ಕೊಡಿಸುವ ಅಧಿಕಾರ ನಮಗಿಲ್ಲ ಮೇಡಂ. ನಾವು ಸಂಘ ಅಷ್ಟೇ."

ಸಂಘ ಅಷ್ಟೇ. ಇದನ್ನು ಮೊದಲೇ ಯಾರಾದರೂ ನನಗೆ ಹೇಳಬೇಕಿತ್ತು. ಸಂಘ ತರಬೇತಿ ಕೊಡುತ್ತದೆ, ನಿಯಮ ಬರೆಯುತ್ತದೆ, ಒಂದೇ ಕೆಲಸದವರನ್ನು ಒಟ್ಟು ಸೇರಿಸುತ್ತದೆ. ಅದು ಬೇಕಾದದ್ದೇ. ಆದರೆ ಅದು ಲೈಸೆನ್ಸ್ ಅಲ್ಲ, ಜಾಮೀನೂ ಅಲ್ಲ. ಸದಸ್ಯತ್ವ ಹೋದರೂ ಆ ಮನುಷ್ಯ ಮರುದಿನ ಅದೇ ಆಫೀಸಿನಲ್ಲಿ ಕೂತು ಇನ್ನೊಬ್ಬರ ಫ್ಲ್ಯಾಟ್ ಕೀ ತೆಗೆದುಕೊಳ್ಳಬಹುದು. ಇನ್ನು ಆ ರೇರಾ ನಂಬರ್. 2016ರ ರೇರಾ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇರುವುದು ಮಾರಾಟದ ವ್ಯವಹಾರಕ್ಕೆ. ಬಾಡಿಗೆ ಮನೆ ನೋಡಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ವಕೀಲರು ಹೇಳಿದ ಮೇಲೆ ನಾನು ತಿಳಿದದ್ದು.

ನಮ್ಮವರ ಅಕ್ಕ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅವರೂ ಒಂದು ಮನೆಯನ್ನು ಹೀಗೇ ಮ್ಯಾನೇಜರ್ ಕೈಗೆ ಕೊಟ್ಟಿದ್ದಾರೆ. ಅಲ್ಲಿ ನಾರ್ಪಮ್ ಎಂಬ ಸಂಘವಿದೆ, 1988ರಲ್ಲಿ ಶುರುವಾದದ್ದು, ವಾಸದ ಮನೆಗಳ ಮ್ಯಾನೇಜರುಗಳದ್ದೇ. ಅದಕ್ಕೂ ನೀತಿ ಸಂಹಿತೆ ಇದೆ, ತರಬೇತಿ ಇದೆ, ಅನುಭವ ನೋಡಿ ಕೊಡುವ ಪದವಿಗಳೂ ಇವೆ. ಆದರೆ ಅತ್ತಿಗೆ ಹೇಳಿದ ಮಾತು ಬೇರೆ. ಅವರು ಮೊದಲು ನೋಡಿದ್ದು ಸಂಘವನ್ನಲ್ಲ, ಲೈಸೆನ್ಸನ್ನು. ಅಲ್ಲಿ ಬೇರೆಯವರ ಮನೆಯನ್ನು ಬಾಡಿಗೆಗೆ ಕೊಟ್ಟು ಹಣ ವಸೂಲಿ ಮಾಡಲು ರಾಜ್ಯದ ರಿಯಲ್ ಎಸ್ಟೇಟ್ ಕಮಿಷನ್ ಕೊಡುವ ಲೈಸೆನ್ಸ್ ಬೇಕು. ಮಾಲೀಕರ ಹಣವನ್ನು ತನ್ನ ಹಣದ ಜೊತೆ ಬೆರೆಸುವ ಹಾಗಿಲ್ಲ, ಬೇರೆ ಟ್ರಸ್ಟ್ ಅಕೌಂಟಿನಲ್ಲಿ ಇಡಬೇಕು. ಲೈಸೆನ್ಸ್ ಇದ್ದವನು ಮೋಸ ಮಾಡಿ, ಕೋರ್ಟ್ ತೀರ್ಪಾದ ಮೇಲೂ ಹಣ ಕೊಡದಿದ್ದರೆ ಅದಕ್ಕೆಂದೇ ಒಂದು ನಿಧಿ ಕೂಡ ಇದೆ. ಅಂದರೆ ಸಂಘದ ಹಿಂದೆ ಕಾನೂನು ನಿಂತಿದೆ. ನಮ್ಮಲ್ಲಿ ಸಂಘದ ಹಿಂದೆ ಗೋಡೆ ಮಾತ್ರ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಆಮೇಲೆ. ಸಂಘದವರು ತಮ್ಮ ಮಾದರಿ ಕರಾರನ್ನು ನನಗೆ ಮೇಲ್ ಮಾಡಿದರು. ನಾನು 2022ರಲ್ಲಿ ಸಹಿ ಹಾಕಿದ ಕರಾರನ್ನು ತೆಗೆದು ಹೋಲಿಸಿದೆ. ಸಾಲು ಸಾಲೂ ಒಂದೇ. ಇವರು ಅದನ್ನೇ ನಕಲು ಮಾಡಿದ್ದರು. ಆದರೆ ಮಾದರಿಯ ಏಳನೇ ಅಂಶದಲ್ಲಿ, ಅಡ್ವಾನ್ಸ್ ನೇರವಾಗಿ ಮಾಲೀಕರ ಖಾತೆಗೆ ಹೋಗಬೇಕು, ಬಾಡಿಗೆದಾರರ ಸಹಿ ಇರುವ ಮೂಲ ಕರಾರು ಮಾಲೀಕರಿಗೆ ತಲುಪಬೇಕು ಎಂದಿತ್ತು. ನನ್ನ ಕರಾರಿನಲ್ಲಿ ಆರು ಆದ ಮೇಲೆ ಎಂಟು. ಏಳು ಇಲ್ಲವೇ ಇಲ್ಲ. ನಂಬರ್ ಸರಿ ಮಾಡುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಅವರಿಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ. ಯಾವ ನಿಯಮ ನನ್ನನ್ನು ಕಾಯುತ್ತಿತ್ತೋ ಸರಿಯಾಗಿ ಅದನ್ನೇ ಕಿತ್ತರು. ನಾನು ಪ್ರತಿ ಪುಟದ ಕೆಳಗೂ ಸಹಿ ಹಾಕಿದ್ದೆ. ಆರು, ಎಂಟು. ಅಕೌಂಟ್ಸ್‌ನವಳು!

ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್" ಎಂದು ಹಿಂಬರಹ ಕೊಟ್ಟರು. ವಕೀಲರು ಪವರ್ ಆಫ್ ಅಟಾರ್ನಿ ರದ್ದು ಮಾಡಿಸಿದರು, ಬಾಡಿಗೆದಾರರಿಗೂ ಅದನ್ನು ಬರವಣಿಗೆಯಲ್ಲಿ ತಿಳಿಸಿದರು. 1872ರ ಕರಾರು ಕಾಯ್ದೆಯ 213 ಮತ್ತು 218ನೇ ಸೆಕ್ಷನ್ ಹಾಕಿ ನೋಟಿಸ್ ಹೋಗಿದೆ. ಏಜೆಂಟ್ ಆದವನು ಕೇಳಿದಾಗ ಲೆಕ್ಕ ಒಪ್ಪಿಸಬೇಕು, ಮಾಲೀಕರ ಪರವಾಗಿ ಪಡೆದ ಹಣವನ್ನು ಅವರಿಗೆ ಕೊಡಬೇಕು ಎಂದು ಅಲ್ಲಿ ಇದೆಯಂತೆ. ಮುಂದಿನದ್ದು ಜಿಲ್ಲಾ ಗ್ರಾಹಕರ ಆಯೋಗ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅಲ್ಲಿ ಫೀಸ್ ಇಲ್ಲ. ಆದರೆ ದೂರನ್ನು ಎರಡು ವರ್ಷದೊಳಗೆ ಕೊಡಬೇಕು, ತಡ ಮಾಡಬೇಡಿ.

ಬಾಡಿಗೆದಾರರ ಒಂದೂವರೆ ಲಕ್ಷವನ್ನು ನಾವೇ ಕೊಟ್ಟೆವು. ನನ್ನ ಪರವಾಗಿ ಪಡೆದ ಹಣ, ನಾನೇ ಅಧಿಕಾರ ಕೊಟ್ಟದ್ದು. ಅವರ ತಪ್ಪೇನಿದೆ? ಮಗಳ ಕಾಲೇಜಿಗೆಂದು ಇಟ್ಟಿದ್ದ ಎಫ್‌ಡಿ ಮುರಿದೆವು.

ಊರಿನಿಂದ ದೂರ ಇರುವವರಿಗೆ, ಅದರಲ್ಲೂ ಮಣಿಪಾಲ, ದೇರಳಕಟ್ಟೆ ಕಡೆ ವಿದ್ಯಾರ್ಥಿಗಳಿಗೆಂದು ಫ್ಲ್ಯಾಟ್ ಕೊಟ್ಟವರಿಗೆ ಕೈ ಮುಗಿದು ಹೇಳುತ್ತೇನೆ. ಅಡ್ವಾನ್ಸ್ ನಿಮ್ಮ ಖಾತೆಗೇ ಬರಲಿ. ಬಾಡಿಗೆದಾರರ ಜೊತೆ ನೀವೇ ಒಮ್ಮೆ ವಿಡಿಯೋ ಕಾಲ್ ಮಾಡಿ, ಎಷ್ಟು ಕೊಡುತ್ತಿದ್ದೀರಿ ಎಂದು ನೇರವಾಗಿ ಕೇಳಿ. ಅವರಿಗೆ ಬೇಜಾರಾಗುತ್ತದೆ ಎಂದು ಯಾರಾದರೂ ತಡೆದರೆ ಅಂದೇ ಹೋಗಿ. ಸಂಘದ ಹೆಸರು ಹೇಳಿದರೆ ಸಂಘಕ್ಕೇ ಫೋನ್ ಮಾಡಿ, ಇವರು ಇವತ್ತಿಗೆ ಸದಸ್ಯರೇ ಎಂದು ಕೇಳಿ, ಮಾದರಿ ಕರಾರು ತರಿಸಿ ಒಂದೊಂದೇ ನಂಬರ್ ಹಿಡಿದು ಓದಿ.

ಅವರ ಜಾಹೀರಾತಿನಲ್ಲಿರುವ ಸರ್ಟಿಫಿಕೇಟಿನ ಫೋಟೋವನ್ನು ಗೆಳತಿಯಿಂದ ತರಿಸಿ ದೊಡ್ಡದು ಮಾಡಿ ನೋಡಿದೆ. ಕೆಳಗಿನ ಸಾಲನ್ನು ಈಗ ಕತ್ತರಿಸಿದ್ದಾರೆ. ಅದನ್ನೂ ಸಂಘಕ್ಕೆ ಕಳಿಸಿದ್ದೇನೆ. ಪತ್ರ ಬರೆಯುತ್ತೇವೆ ಎಂದಿದ್ದಾರೆ.