ಗುಲಾಬಿ ಎಲೆ ಮಂಕಾಯಿತೆಂದು ಕೀಟನಾಶಕ ಹೊಡೆಯುವ ಮುನ್ನ ಇದನ್ನು ಓದಿ

ಮೂರೇ ವಾರದಲ್ಲಿ ಒಂದು ಕುಂಡದ ಗುಲಾಬಿ ಬೋಳಾಯಿತು. ಅದಕ್ಕೆ ನೀರು, ಗೊಬ್ಬರ, ಬಿಸಿಲು ಯಾವುದಕ್ಕೂ ಕೊರತೆ ಇರಲಿಲ್ಲ. ಎಲೆ ಕೆಡಿಸಿದ್ದು ಒಂದು ಜೀವಿ, ಹೊಡೆದ ಔಷಧ ಇನ್ನೊಂದರದ್ದು. ಬೇಸಿಗೆ ಬಂತೆಂದರೆ ಎಷ್ಟೋ ಕೈತೋಟಗಳಲ್ಲಿ ಇದೇ ತಪ್ಪು ಆಗುತ್ತದೆ. ಹಾಗಾಗಿ ಎಲ್ಲಿ ಎಡವಿದ್ದೆಂದು ಬಿಡಿಸಿ ಹೇಳುವುದು ಒಳ್ಳೆಯದು.

ಮೊದಲು ಕಂಡದ್ದು ಎಲೆಯ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ತಿಳಿಹಳದಿ ಚುಕ್ಕೆಗಳು. ಕೆಳಗಿನ ಹಳೆಯ ಎಲೆಗಳಲ್ಲಿ ಹೆಚ್ಚು, ಚಿಗುರಿನಲ್ಲಿ ಇಲ್ಲವೇ ಇಲ್ಲ. ದಿನ ಕಳೆದಂತೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯೆಲ್ಲ ಬೂದಿ ಬಳಿದಂತಾಯಿತು. ರಸ ಹೀರುವ ಕೀಟವೇ ಇರಬೇಕೆಂದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಸಿಂಪಡಿಸಿದರು, ವಾರ ಬಿಟ್ಟು ಮತ್ತೊಮ್ಮೆ. ಎರಡನೆಯ ಸಿಂಪಡಣೆಯಾದ ಮೇಲೆ ಕಡ್ಡಿಗಳ ಸಂದಿನಲ್ಲಿ ನವಿರಾದ ಬಲೆ ಕಾಣಿಸಿಕೊಂಡಿತು, ಎಲೆ ಉದುರತೊಡಗಿತು.

ಅದು ಜೇಡ ನುಸಿ. ನುಸಿ ಕೀಟವಲ್ಲ. ಅದಕ್ಕೆ ಎಂಟು ಕಾಲು, ಜೇಡನ ಬಳಗಕ್ಕೆ ಸೇರಿದ್ದು. ಇಮಿಡಾಕ್ಲೋಪ್ರಿಡ್ ಗಿಡಹೇನು, ಬಿಳಿನೊಣಗಳನ್ನು ಕೊಲ್ಲುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಅಷ್ಟೇ ಆಗಿದ್ದರೆ ಔಷಧ ವ್ಯರ್ಥವಾಯಿತು ಎಂದುಕೊಂಡು ಬಿಡಬಹುದಿತ್ತು. ಆದರೆ ನುಸಿಯನ್ನು ತಿಂದು ಹದ್ದುಬಸ್ತಿನಲ್ಲಿಡುವ ಪುಟ್ಟ ಜೀರುಂಡೆಗಳೂ ತಿಗಣೆಗಳೂ ಅದೇ ಔಷಧಕ್ಕೆ ಬಲಿಯಾಗುತ್ತವೆ. ಈ ಔಷಧ ಬಿದ್ದಮೇಲೆ ನುಸಿ ಹೆಚ್ಚು ಮೊಟ್ಟೆ ಇಟ್ಟದ್ದೂ ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಸೈಪರ್‌ಮೆಥ್ರಿನ್‌ನಂಥ ಬೇರೆ ಕೀಟನಾಶಕ ಹೊಡೆದರೂ ಪಾಡು ಹೆಚ್ಚುಕಡಿಮೆ ಇದೇ. ಬಿಸಿ, ಒಣ ಹವೆಯಲ್ಲಿ ಮೊಟ್ಟೆಯಿಂದ ಬಲಿತ ನುಸಿಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಶತ್ರುಗಳಿಲ್ಲದ ಎರಡು ವಾರ ಸಿಕ್ಕರೆ ಗಿಡದ ಗತಿ ಏನಾಗುತ್ತದೆಂದು ಊಹಿಸಬಹುದು.

ಗುರುತು ಹಿಡಿಯಲು ಎರಡು ನಿಮಿಷವೂ ಬೇಡ. ಒಂದು ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಕೊಂಬೆಯನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಬಿದ್ದದ್ದು ಧೂಳೋ ನುಸಿಯೋ ಎಂದು ತಕ್ಷಣ ತಿಳಿಯುವುದಿಲ್ಲ, ಅರೆ ನಿಮಿಷ ಕಾಯಬೇಕು. ಧೂಳು ಬಿದ್ದಲ್ಲೇ ಇರುತ್ತದೆ, ನುಸಿ ನಿಧಾನವಾಗಿ ತೆವಳುತ್ತದೆ. ಸರಸರನೆ ಓಡುವ ಚುಕ್ಕೆ ಕಂಡರೆ ಅದು ನುಸಿಯನ್ನು ತಿನ್ನುವ ಪರಭಕ್ಷಕ ನುಸಿ ಇರಬಹುದು, ಅದನ್ನು ಉಳಿಸಿಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಎಲೆಯ ಅಡಿಭಾಗ ನೋಡಿದರೆ ಗಾಜಿನ ಮಣಿಯಂಥ ದುಂಡನೆಯ ಮೊಟ್ಟೆಗಳು, ಕಳಚಿಬಿದ್ದ ಬಿಳಿ ಪೊರೆಗಳು ಕಾಣುತ್ತವೆ.

ಬೇರೆಯವು ಹೀಗಿರುವುದಿಲ್ಲ. ಗಿಡಹೇನು ಎಳೆ ಚಿಗುರಿಗೆ, ಮೊಗ್ಗಿನ ತೊಟ್ಟಿಗೆ ಮುತ್ತಿಕೊಳ್ಳುತ್ತದೆ. ಎಲೆ ಜಿಗುಟಾಗುತ್ತದೆ, ಇರುವೆ ಸಾಲುಗಟ್ಟುತ್ತದೆ. ಥ್ರಿಪ್ಸ್ ಎಂಬ ಸಣ್ಣ ಕೀಟವಾದರೆ ಬೆಳ್ಳಿಯಂತೆ ಹೊಳೆಯುವ ಗೀರುಗಳು, ಅವುಗಳ ಮೇಲೆ ಹಿಕ್ಕೆಯ ಕಪ್ಪು ಚುಕ್ಕೆಗಳು.

ಹಿಟ್ಟು ತಿಗಣೆಯ ವಿಷಯದಲ್ಲಿ ಮಾತ್ರ ಒಂದು ಅನಾಹುತ ಪದೇ ಪದೇ ಆಗುತ್ತದೆ. ದಾಸವಾಳದ ಕಡ್ಡಿಯ ಮೇಲೆ ಹತ್ತಿಯಂಥ ತಿಗಣೆಗಳ ನಡುವೆ ಅದೇ ಬಿಳಿ ಮೇಣ ಹೊದ್ದ, ಆದರೆ ಇನ್ನೂ ದೊಡ್ಡದಾದ, ಉದ್ದುದ್ದ ಎಳೆಗಳ ಒಂದು ಹುಳು ಚುರುಕಾಗಿ ಓಡಾಡುತ್ತಿದ್ದರೆ ಅದು ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯೇ ಅದರ ಊಟ. ದೊಡ್ಡ ತಿಗಣೆ ಎಂದು ತಿಳಿದು ಮೊದಲು ಇದನ್ನೇ ಹಿಸುಕಿ ಹಾಕುವವರಿದ್ದಾರೆ.

ಗುಲಾಬಿಗೆ ಎರಡನೆಯ ಪೆಟ್ಟು ಮೂರನೆಯ ವಾರದಲ್ಲಿ ಬಿತ್ತು. ಅಳತೆಯಿಲ್ಲದೆ ಬೇವಿನ ಎಣ್ಣೆಗೆ ಪಾತ್ರೆ ತೊಳೆಯುವ ದ್ರವ ಸುರಿದು ನಡು ಮಧ್ಯಾಹ್ನ ಹೊಡೆದರು. ಮರುದಿನ ಉಳಿದ ಎಲೆಗಳ ಅಂಚು ಸುಟ್ಟು ಕಂದಾಯಿತು. ಡಿಟರ್ಜೆಂಟ್ ಎಲೆಯ ಮೇಲಿನ ಮೇಣದ ಪದರವನ್ನೇ ಕಿತ್ತುಹಾಕುತ್ತದೆ. ಅದರ ಮೇಲೆ ಎಣ್ಣೆ, ಬಿಸಿಲು ಸೇರಿದರೆ ಎಲೆ ಉಳಿಯುವುದಿಲ್ಲ.

ನುಸಿ ಎಂದು ಖಾತ್ರಿಯಾದರೆ ಮೊದಲ ಮದ್ದು ನೀರು. ತೀರಾ ಕೆಟ್ಟ ಎಲೆಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಗಿಡದ ಬುಡದಲ್ಲಿ ಬಿಡಬೇಡಿ. ಕುಂಡವನ್ನು ಬೇರೆ ಗಿಡಗಳಿಂದ ದೂರವಿಟ್ಟು ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಹಾಯಿಸಿ. ಆರಂಭದಲ್ಲೇ ಗಮನಿಸಿದರೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಬೇವಿನ ಎಣ್ಣೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು 2 ಮಿ.ಲೀ. ದ್ರವ ಸೋಪು, ಆಮೇಲೆ 5 ಮಿ.ಲೀ. ಎಣ್ಣೆ ಹಾಕಿ ಹಾಲಿನಂತಾಗುವವರೆಗೆ ಕುಲುಕಿ. ಸೋಪು ಎಂದರೆ ನಿಜವಾದ ಸೋಪು, ಡಿಟರ್ಜೆಂಟ್ ಅಲ್ಲ. ಮೇಲೆ ಎಣ್ಣೆಯ ಬಳೆಗಳು ತೇಲುತ್ತಿದ್ದರೆ ಸಿಂಪಡಿಸಬೇಡಿ, ಆ ಎಣ್ಣೆ ಬಿದ್ದ ಜಾಗ ಸುಡುತ್ತದೆ. ಮೊದಲು ಎರಡು ಮೂರು ಎಲೆಗೆ ಹಾಕಿ ಒಂದು ದಿನ ನೋಡಿ. ಹೊಡೆಯುವುದು ಸಂಜೆ, ಬಿಸಿಲಿಳಿದ ಮೇಲೆ, ಎಲೆಯ ಅಡಿಭಾಗ ತೊಯ್ದು ತೊಟ್ಟಿಕ್ಕುವಂತೆ. ಮೈಗೆ ತಾಗಿದ ನುಸಿ ಮಾತ್ರ ಸಾಯುತ್ತದೆ, ಮೊಟ್ಟೆಗಳೆಲ್ಲ ಸಾಯುವುದಿಲ್ಲ. ಆದ್ದರಿಂದ 5ರಿಂದ 7 ದಿನದ ಅಂತರದಲ್ಲಿ ಮೂರು ಸಲವಾದರೂ ಬೇಕು. ಕಲೆಸಿದ್ದನ್ನು ಅಂದೇ ಮುಗಿಸಿ.

ನುಸಿಗೆ ಗಂಧಕವನ್ನೂ ಬಳಸುವುದುಂಟು, ಆದರೆ ಬೇವಿನ ಎಣ್ಣೆಯ ಬೆನ್ನಿಗೇ ಅದನ್ನು ಹೊಡೆಯಬೇಡಿ. ಎಣ್ಣೆ ಮತ್ತು ಗಂಧಕದ ನಡುವೆ ಎರಡು ವಾರ ಅಂತರವಿರಬೇಕು. ಉಷ್ಣಾಂಶ 32 ಡಿಗ್ರಿ ದಾಟಿದರೆ ಗಂಧಕವೊಂದೇ ಎಲೆ ಸುಡಬಲ್ಲದು.

ಗುಣ ಸಿಕ್ಕಿತೋ ಇಲ್ಲವೋ ಎಂದು ಹಳೆಯ ಎಲೆ ನೋಡಿ ಅಳೆಯಬೇಡಿ. ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಗಾಬರಿಯಾಗಿ ಮತ್ತಷ್ಟು ಔಷಧ ಸುರಿಯುವವರು ಬಹಳ. ಹೊಸದಾಗಿ ಬಲಿತ ಎಲೆಯಲ್ಲಿ ಚುಕ್ಕೆ ಇಲ್ಲದಿದ್ದರೆ, ಹಾಳೆಯ ಮೇಲೆ ತಟ್ಟಿದಾಗ ತೆವಳುವ ಚುಕ್ಕೆ ಬೀಳದಿದ್ದರೆ ಸಿಂಪಡಣೆ ನಿಲ್ಲಿಸಿ.