ನಾಲ್ಕು ಹ್ಯಾಮ್ಲೆಟ್‌ಗಳು: ಯಾವುದರಲ್ಲಿ ಅಪ್ಪ ನಿಜವಾಗಿ ಸತ್ತಿದ್ದಾನೆ?

ಅಪ್ಪನ ಹದಿಮೂರನೇ ದಿನ, ಊಟ ಮುಗಿಸಿ ಕೈ ತೊಳೆಯುತ್ತಿದ್ದ ದೊಡ್ಡಪ್ಪ ನನ್ನ ಮುಖ ನೋಡಿ, "ಆಯ್ತಲ್ಲ ಮಾರಾಯ, ಎಲ್ಲರ ಅಪ್ಪಂದಿರೂ ಹೋಗ್ತಾರೆ. ಇನ್ನಾದ್ರೂ ಮುಖ ಸರಿ ಮಾಡ್ಕೋ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎರಡು ವರ್ಷದ ಮೇಲೆ ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕ ಮತ್ತೆ ಓದಲು ಕೂತರೆ, ಮೊದಲ ಅಂಕದಲ್ಲೇ ಅಪ್ಪನನ್ನು ಕಳೆದುಕೊಂಡ ರಾಜಕುಮಾರ ಹ್ಯಾಮ್ಲೆಟ್‌ಗೆ ಚಿಕ್ಕಪ್ಪ ಕ್ಲಾಡಿಯಸ್ ಹೇಳುವುದೂ ಅದನ್ನೇ. ನಿನ್ನಪ್ಪನೂ ತನ್ನಪ್ಪನನ್ನು ಕಳೆದುಕೊಂಡಿದ್ದ, ಆ ಅಪ್ಪನೂ ತನ್ನಪ್ಪನನ್ನು ಕಳೆದುಕೊಂಡಿದ್ದ, ಹಠ ಹಿಡಿದು ಅಳುವುದು ಗಂಡಸಿಗೆ ತಕ್ಕದ್ದಲ್ಲ. ಕಾಲೇಜಿನಲ್ಲಿ ಓದಿದಾಗ ಆ ಸಾಲುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಸತ್ತ ಅಪ್ಪನ ಪ್ರೇತ ಯಾವಾಗ ಮಾತಾಡುತ್ತದೆ ಅನ್ನುವುದಷ್ಟೇ ಆಗ ಮುಖ್ಯವಾಗಿತ್ತು.

ಈ ಸಲ ಗಮನಕ್ಕೆ ಬಂದದ್ದು ನಾಟಕದ ಕ್ರಮ. ಕಾವಲುಗಾರರಿಗೆ ಪ್ರೇತ ಮೊದಲೇ ಕಂಡಿರುತ್ತದೆ, ಆದರೆ ಹ್ಯಾಮ್ಲೆಟ್‌ಗೆ ಆ ಸುದ್ದಿ ಮುಟ್ಟುವ ಮುಂಚೆಯೇ ಅವನು ಕಪ್ಪು ಬಟ್ಟೆ ತೊಟ್ಟು ಅರಮನೆಯ ಮೂಲೆ ಹಿಡಿದಿದ್ದಾನೆ. ಅಪ್ಪನನ್ನು ಚಿಕ್ಕಪ್ಪನೇ ಕೊಂದ ವಿಷಯ ಅವನಿಗಿನ್ನೂ ಗೊತ್ತಿಲ್ಲ. ಅಪ್ಪ ಸತ್ತ ಎರಡು ತಿಂಗಳೊಳಗೆ ಅಮ್ಮ ಚಿಕ್ಕಪ್ಪನನ್ನು ಮದುವೆಯಾಗಿದ್ದಾಳೆ, ಅಷ್ಟೇ. ತಿಥಿಯೂಟಕ್ಕೆ ಮಾಡಿದ ಅಡುಗೆಯನ್ನೇ ತಣ್ಣಗಾದ ಮೇಲೆ ಮದುವೆ ಪಂಕ್ತಿಗೆ ಬಡಿಸಿದರು ಎಂದು ಕಹಿಯಾಗಿ ನಗುತ್ತಾನೆ. ದುಃಖ ಮೊದಲು, ದೆವ್ವ ಆಮೇಲೆ. ಸಿನಿಮಾ ಮಾಡಿದವರಲ್ಲಿ ಈ ಕ್ರಮವನ್ನು ಯಾರು ಉಳಿಸಿಕೊಂಡಿದ್ದಾರೆ ನೋಡೋಣ ಎಂದು ಒಂದೇ ತಿಂಗಳಲ್ಲಿ ನಾಲ್ಕನ್ನು ನೋಡಿದೆ: ಲಾರೆನ್ಸ್ ಒಲಿವಿಯೆಯ 1948ರದ್ದು, ಸೋವಿಯತ್ ನಿರ್ದೇಶಕ ಕೋಜಿನ್ತ್ಸೆವ್‌ನ 1964ರದ್ದು, ಕೆನೆತ್ ಬ್ರಾನಾನ 1996ರದ್ದು, ವಿಶಾಲ್ ಭಾರದ್ವಾಜರ 2014ರ 'ಹೈದರ್'.

ಮೊದಲು ಬ್ರಾನಾನದ್ದನ್ನು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ಮುಗಿಯುವುದೇ ಇಲ್ಲ. ನಾಟಕದ ಒಂದು ಸಾಲನ್ನೂ ಬಿಡದೆ ತೆಗೆದ, ನಾಲ್ಕು ಗಂಟೆ ಮೀರಿದ ಸಿನಿಮಾ. ನಾನು ಎರಡು ಸಂಜೆ ಮಾಡಿಕೊಂಡು ನೋಡಿದೆ. ಹತ್ತೊಂಬತ್ತನೇ ಶತಮಾನದ ಥಳಕಿನ ಅರಮನೆ, ಸುತ್ತ ಕನ್ನಡಿ ಬಾಗಿಲುಗಳು. ಆ ಪ್ರಸಿದ್ಧ 'ಇರುವುದೋ ಇಲ್ಲದಿರುವುದೋ' ಸ್ವಗತವನ್ನು ಅವನು ಕನ್ನಡಿಗೆ ಹೇಳುತ್ತಾನೆ, ಕನ್ನಡಿಯ ಹಿಂದೆ ಚಿಕ್ಕಪ್ಪ ಅಡಗಿ ನೋಡುತ್ತಿದ್ದಾನೆ. ಇದು ಜಾಣತನ, ಒಪ್ಪುತ್ತೇನೆ. ಆದರೆ ಪ್ರೇತ ಬಂದಾಗ ನೆಲ ಬಿರಿಯುತ್ತದೆ, ಹೊಗೆ ಏಳುತ್ತದೆ, ನೀಲಿ ಕಣ್ಣು ಹೊಳೆಯುತ್ತದೆ. ನಮ್ಮ ಹಳೆಯ ಪೌರಾಣಿಕ ಸಿನಿಮಾದ ರಾಕ್ಷಸನಿಗೂ ಇಷ್ಟು ಖರ್ಚು ಮಾಡಿರಲಿಲ್ಲ. ಅಳು ಬರಬೇಕಾದಲ್ಲಿ ನನಗೆ ನಗು ಬಂತು. ಪಠ್ಯವನ್ನು ಪೂರ್ತಿ ಕೇಳಬೇಕು ಅನ್ನುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಒಲಿವಿಯೆಯ ಪ್ರೇತ ಮಂಜಿನೊಳಗಿನ ಮಸುಕು ಆಕಾರ. ಅದು ಹತ್ತಿರ ಬಂದಾಗ ಎದೆಬಡಿತದ ಸದ್ದು ಕೇಳುತ್ತದೆ, ಚಿತ್ರ ಒಮ್ಮೆ ಮಸುಕಾಗಿ ಒಮ್ಮೆ ಸ್ಪಷ್ಟವಾಗುತ್ತದೆ. ಇಯರ್‌ಫೋನ್ ಹಾಕಿಕೊಂಡು ನೋಡಿದ್ದರಿಂದ ಆ ಬಡಿತ ನನ್ನದೋ ಅವನದೋ ಎಂದು ಒಂದು ಕ್ಷಣ ಗೊಂದಲವಾಯಿತು. ಹ್ಯಾಮ್ಲೆಟ್ ಆಗಿ ನಟಿಸಿದವನೂ ಒಲಿವಿಯೆಯೇ, ಪ್ರೇತದ ದನಿಯೂ ಅವನದೇ, ನಿಧಾನ ಮಾಡಿ ಹಾಕಿದ್ದು. ಮಗ ತನ್ನ ಗಂಟಲಿನಿಂದಲೇ ಅಪ್ಪನ ಮಾತು ಕೇಳುತ್ತಾನೆ ಅನ್ನುವುದು ಎಷ್ಟು ನಿಜ! ಫೋನಿನಲ್ಲಿ 'ಹಲೋ' ಅಂದಾಗ ಅಪ್ಪನ ದನಿ ಬಂದ ಹಾಗಾಗಿ ನಾನೇ ಬೆಚ್ಚಿದ್ದುಂಟು. ಈ ಸಿನಿಮಾದಲ್ಲಿ ಕೆಟ್ಟದ್ದು ಅಂದರೆ ಶುರುವಿನಲ್ಲೇ, ಇದು ಮನಸ್ಸು ಗಟ್ಟಿ ಮಾಡಿಕೊಳ್ಳಲಾಗದ ಒಬ್ಬನ ದುರಂತ ಎಂದು ಹೇಳಿಬಿಡುವುದು. ಕಥೆಗೆ ಮೊದಲೇ ಬೀಗ ಜಡಿದ ಹಾಗೆ. ದುಃಖದಲ್ಲಿರುವವನು ತಡ ಮಾಡಿದರೆ ಅದು ಅವನ ದೌರ್ಬಲ್ಯವೇ?

ಪ್ರೇತದ ವಿಚಾರಕ್ಕೆ ಬಂದರೆ, ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ನಮಗೆ ದೆವ್ವ ಬೇರೆ, ಭೂತ ಬೇರೆ, ಪ್ರೇತ ಬೇರೆ. ಸತ್ತವನು ಪಿತೃಗಳ ಸಾಲಿಗೆ ಸೇರುವ ಮುಂಚಿನ ಅವಸ್ಥೆಯೇ ಪ್ರೇತ. ಹ್ಯಾಮ್ಲೆಟ್‌ನ ಅಪ್ಪನ ಗೋಳೂ ಹೆಚ್ಚುಕಡಿಮೆ ಅದೇ. ಕೊನೆಯ ಸಂಸ್ಕಾರ ಸಿಗದೆ ನಿದ್ದೆಯಲ್ಲೇ ಸತ್ತೆ, ಪಾಪ ಸುಟ್ಟುಹೋಗುವ ತನಕ ರಾತ್ರಿ ಅಲೆಯುತ್ತೇನೆ ಅನ್ನುತ್ತಾನೆ. ಇದು ಕ್ಯಾಥೊಲಿಕ್ ನಂಬಿಕೆ. ಷೇಕ್ಸ್‌ಪಿಯರ್ ಬರೆಯುವ ಹೊತ್ತಿಗೆ ಇಂಗ್ಲೆಂಡಿನ ಚರ್ಚು ಅದನ್ನು ತಳ್ಳಿಹಾಕಿತ್ತು. ಮಗ ಓದುತ್ತಿದ್ದದ್ದೋ ಪ್ರೊಟೆಸ್ಟಂಟ್ ಪಂಥದ ಮೂಲಪುರುಷ ಲೂಥರ್ ಪಾಠ ಹೇಳಿದ ವಿಟನ್‌ಬರ್ಗಿನಲ್ಲಿ. ಅಪ್ಪ ಒಂದು ಧರ್ಮದ ಪ್ರೇತ, ಮಗ ಇನ್ನೊಂದರ ವಿದ್ಯಾರ್ಥಿ. ಹಾಗಾಗಿ ಇದು ಅಪ್ಪನೋ ಅಪ್ಪನ ವೇಷದ ಸೈತಾನನೋ ಎಂದು ಅವನು ಅನುಮಾನಪಟ್ಟರೆ ಅದು ಬರೀ ನೆಪವಲ್ಲ.

ಈ ಅನುಮಾನದ ಜೊತೆಗೆ ಭಯ, ಗೌರವ ಎಲ್ಲವನ್ನೂ ಕಣ್ಣಿಗೆ ಕಾಣಿಸಿದವನು ಕೋಜಿನ್ತ್ಸೆವ್. ಕೋಟೆಯ ಗೋಡೆಯ ಮೇಲೆ ಕಬ್ಬಿಣದ ಕವಚ ತೊಟ್ಟ ದೈತ್ಯ ಆಕಾರ, ಬೆನ್ನ ಹಿಂದೆ ಅಷ್ಟುದ್ದ ಮೇಲಂಗಿ ಗಾಳಿಗೆ ನಿಧಾನವಾಗಿ ಹಾರುತ್ತದೆ, ಷೊಸ್ತಕೋವಿಚ್‌ನ ಸಂಗೀತ ಸುತ್ತಿಗೆಯ ಹಾಗೆ ಬೀಳುತ್ತದೆ. ಆರು ವರ್ಷದ ಹುಡುಗನಿಗೆ ಅಪ್ಪ ಕಾಣುವುದು ಇಷ್ಟೇ ದೊಡ್ಡದಾಗಿ. ಸಂಭಾಷಣೆ ರಷ್ಯನ್‌ನಲ್ಲಿ, ಪಾಸ್ತರ್ನಾಕ್ ಮಾಡಿದ ಅನುವಾದ. ನನಗೆ ಒಂದು ಅಕ್ಷರ ತಿಳಿಯದು, ಸಬ್‌ಟೈಟಲ್ ನಂಬಿಕೊಂಡೇ ನೋಡಿದೆ. ಸ್ಮೊಕ್ತುನೋವ್ಸ್ಕಿಯ ಹ್ಯಾಮ್ಲೆಟ್ ಕಿರುಚುವುದು ಕಡಿಮೆ, ಜನರ ನಡುವೆ ಮೌನವಾಗಿ ದಾಟಿಹೋಗುತ್ತಾನೆ, ಅವನ ಯೋಚನೆ ಮಾತ್ರ ನಮಗೆ ಕೇಳುತ್ತದೆ. ಸಾವಿನ ಮನೆಯಿಂದ ಬಂದು ಮರುವಾರವೇ ಆಫೀಸಿಗೆ ಹೋದವರಿಗೆ ಆ ನಡಿಗೆ ಪರಿಚಯದ್ದು.

ಇನ್ನು ಹ್ಯಾಮ್ಲೆಟ್‌ನ ಹುಚ್ಚಿನ ನಟನೆ. ಇಲ್ಲಿ ನಾಟಕದಲ್ಲೇ ಒಂದು ತೊಡಕಿದೆ. ಡೆನ್ಮಾರ್ಕಿನ ಇತಿಹಾಸಕಾರ ಸ್ಯಾಕ್ಸೊ ಸುಮಾರು 1200ರಲ್ಲಿ ಬರೆದಿಟ್ಟ ಮೂಲ ಕಥೆಯಲ್ಲಿ ಚಿಕ್ಕಪ್ಪ ಕೊಂದದ್ದು ಎಲ್ಲರಿಗೂ ಗೊತ್ತು. ತನ್ನ ಜೀವ ಉಳಿಸಿಕೊಳ್ಳಲು ಹುಡುಗ ಪೆದ್ದನ ಹಾಗೆ ಮೈಗೆ ಕೆಸರು ಬಳಿದುಕೊಂಡು ತಿರುಗುತ್ತಾನೆ. ಷೇಕ್ಸ್‌ಪಿಯರ್ ಕೊಲೆಯನ್ನು ಗುಟ್ಟು ಮಾಡಿದ, ಆದರೆ ಹುಚ್ಚಿನ ವೇಷವನ್ನು ಹಾಗೇ ಇಟ್ಟುಕೊಂಡ. ಈಗ ಆ ವೇಷ ಯಾಕೆ ಬೇಕು? ಚಿಕ್ಕಪ್ಪನಿಗೆ ಅನುಮಾನವೇ ಇರಲಿಲ್ಲ, ಅದನ್ನು ಹುಟ್ಟಿಸಿದ್ದೇ ಈ ವೇಷ. ಮೂರು ಸಿನಿಮಾಗಳೂ ಇದಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ. ಉತ್ತರ ಸಿಕ್ಕಿದ್ದು 'ಹೈದರ್'ನಲ್ಲಿ.

1995ರ ಕಾಶ್ಮೀರ. ಅಪ್ಪ ಡಾಕ್ಟರು, ಸೇನೆ ಹಿಡಿದುಕೊಂಡು ಹೋದ ಮೇಲೆ ಎಲ್ಲಿದ್ದಾರೆ ಎಂದೇ ಗೊತ್ತಿಲ್ಲ. ಹೆಣವಿಲ್ಲ, ಗೋರಿಯಿಲ್ಲ, ಅಮ್ಮನಿಗೆ 'ಅರ್ಧ ವಿಧವೆ' ಎಂಬ ಹೆಸರು. ಹೈದರ್ ಬೀದಿ ಬೀದಿಯಲ್ಲಿ, ಠಾಣೆ ಠಾಣೆಯಲ್ಲಿ ಅಪ್ಪನನ್ನು ಹುಡುಕುತ್ತಾನೆ. ದುಃಖ ಮೊದಲು, ಪ್ರೇತ ಆಮೇಲೆ ಅನ್ನುವ ಕ್ರಮವನ್ನು ಇಷ್ಟು ಹೊತ್ತು ಎಳೆದು, ಇಷ್ಟು ನೋವಾಗುವಂತೆ ಪಾಲಿಸಿದ್ದು ಇದೊಂದೇ. ಕೊನೆಗೆ ಬರುವ 'ರೂಹ್‌ದಾರ್' ದೆವ್ವವಲ್ಲ, ಅಪ್ಪನ ಜೊತೆ ಬಂಧನದಲ್ಲಿದ್ದವನು. ಇರ್ಫಾನ್ ಖಾನ್ ಕುಂಟುತ್ತಾ ಬರುವುದನ್ನು ನೋಡಿದರೆ ದೆವ್ವವೇ ವಾಸಿ ಅನ್ನಿಸುತ್ತದೆ. ಆಮೇಲೆ ಶಾಹಿದ್ ಕಪೂರ್ ತಲೆ ಬೋಳಿಸಿ, ಕುತ್ತಿಗೆಗೆ ಹಗ್ಗ ಹಾಕಿಕೊಂಡು ಚೌಕದಲ್ಲಿ ನಿಂತು ಸೇನೆಯ ವಿಶೇಷಾಧಿಕಾರದ ಕಾನೂನನ್ನು ಬಡಬಡಿಸುತ್ತಾನೆ. ಸರಿಯಾದ ಮನುಷ್ಯ ಅದನ್ನು ಹೇಳಿದರೆ ಎತ್ತಿಹಾಕುತ್ತಾರೆ, ಹುಚ್ಚ ಹೇಳಿದರೆ ಜನ ಸುತ್ತ ನಿಂತು ನಗುತ್ತಾರೆ. ಸ್ಯಾಕ್ಸೊನ ಹುಡುಗನಿಗಿದ್ದ ಕಾರಣ ಇಲ್ಲಿ ಮರಳಿ ಬಂದಿದೆ. ಹಾಡುಗಳು ಒಂದೆರಡು ಕಮ್ಮಿಯಿದ್ದರೆ ಚೆನ್ನಾಗಿತ್ತು, ಆದರೆ ಮಾರ್ತಾಂಡ ದೇವಾಲಯದ ಪಾಳಿನಲ್ಲಿ ತೆಗೆದ ಬೊಂಬೆಗಳ ಹಾಡನ್ನು ಮಾತ್ರ ಕತ್ತರಿಸಬೇಡಿ. ಚಿಕ್ಕಪ್ಪನ ಅಪರಾಧವನ್ನು ಅವನ ಮುಂದೆಯೇ ಆಡಿ ತೋರಿಸುವ ನಾಟಕದೊಳಗಿನ ನಾಟಕ ಇರುವುದು ಅದರಲ್ಲೇ.

ಹುಚ್ಚಿನ ನಟನೆಯ ಪಕ್ಕದಲ್ಲಿ ನಿಜವಾದ ಹುಚ್ಚೂ ಇದೆ. ಒಫೀಲಿಯಾಳೂ ಅಪ್ಪನನ್ನು ಕಳೆದುಕೊಂಡವಳೇ, ಅದೂ ಅವಳು ಪ್ರೀತಿಸಿದ ಹ್ಯಾಮ್ಲೆಟ್‌ನ ಕೈಯಲ್ಲಿ. ಅವಳಿಗೆ ಯಾವ ಪ್ರೇತವೂ ಬಂದು ಏನನ್ನೂ ಹೇಳುವುದಿಲ್ಲ. ಬ್ರಾನಾ ಅವಳನ್ನು ಮೆತ್ತೆಗೋಡೆಯ ಕೋಣೆಗೆ ಹಾಕಿದ್ದಾನೆ. 'ಹೈದರ್'ನಲ್ಲಿ ಅವಳು ಅಪ್ಪನಿಗೆಂದು ಹೆಣೆದ ಕೆಂಪು ಉಣ್ಣೆ ದಾರದಲ್ಲಿ ಸಿಕ್ಕಿಕೊಂಡಿದ್ದಾಳೆ. ಕೋಜಿನ್ತ್ಸೆವ್ ಮಾಡಿದ್ದು ನೋಡಿ: ಸೂತಕದ ಬಟ್ಟೆ ತೊಡಿಸುವ ಮುಂಚೆ ಹೆಂಗಸರು ಅವಳ ಮೈಗೆ ಕಬ್ಬಿಣದ ಪಂಜರದಂಥ ಕವಚ ಬಿಗಿಯುತ್ತಾರೆ. ಒಂದು ಮಾತಿಲ್ಲ. ಸಿನಿಮಾ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ನಮ್ಮ ಕಡೆಯವರು ಇನ್ನೊಂದನ್ನೂ ಓದಬಹುದು. ಕುವೆಂಪು 1932ರಲ್ಲೇ ಈ ಕಥೆಯನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದರು. ಬಿದನೂರಿನ, ಅಂದರೆ ಈಗಿನ ನಗರದ, ಕೋಟೆಯ ಮಳೆ ನೋಡಿದವರಿಗೆ ಹ್ಯಾಮ್ಲೆಟ್‌ನ ಕೋಟೆ ಎಲ್ಸಿನೋರಿನ ಮಂಜು ದೂರದ್ದೇನಲ್ಲ.

ಒಂದನ್ನೇ ನೋಡುವುದಾದರೆ ಕೋಜಿನ್ತ್ಸೆವ್‌ನದು. ಮನೆಯಲ್ಲಿ ಸಾವಾಗಿ ವರ್ಷ ತುಂಬದಿದ್ದರೆ 'ಹೈದರ್' ಸದ್ಯಕ್ಕೆ ಬೇಡ.

ನನಗೆ ಬೇಕಾದ ಒಂದು ದೃಶ್ಯ ಮಾತ್ರ ನಾನು ಅಂದುಕೊಂಡ ಹಾಗೆ ನಾಲ್ಕರಲ್ಲೂ ಸಿಗಲಿಲ್ಲ. ಅಮ್ಮನ ಕೋಣೆಯಲ್ಲಿ ಪ್ರೇತ ಎರಡನೇ ಸಲ ಬರುವಾಗ ಕವಚವಿಲ್ಲ. 1603ರ ಮೊದಲ ಮುದ್ರಣದಲ್ಲಿ, ರಾತ್ರಿ ಮಲಗುವ ಬಟ್ಟೆಯಲ್ಲಿ ಬರುತ್ತದೆ ಎಂದೇ ಸೂಚನೆಯಿದೆ. ಯುದ್ಧದ ರಾಜ ಹೋಗಿ ಮನೆಯ ಅಪ್ಪ ಬಂದಿದ್ದಾನೆ. ನಮ್ಮಪ್ಪನಾಗಿದ್ದರೆ ತೋಳು ಸಡಿಲಾದ ಬನಿಯನ್ನು, ಮಡಚಿ ಕಟ್ಟಿದ ಪಂಚೆ. ಮಗನಿಗೆ ಕಾಣುತ್ತದೆ, ಪಕ್ಕದಲ್ಲೇ ಇರುವ ಅಮ್ಮನಿಗೆ ಕಾಣುವುದಿಲ್ಲ. ಅದನ್ನು ಓದಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಅಪ್ಪ ಯಾವಾಗಾದರೂ ಕನಸಲ್ಲಿ ಬರ್ತಾರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಇಲ್ಲ ಕಣೋ. ನಂಗೆ ಒಂದು ದಿನಾನೂ ಬಂದಿಲ್ಲ. ನಿಂಗೆ ಬರ್ತಾರಾ?"